ನೊಂದ ಮಗುವಿಗೆ ತೋಟದಲ್ಲೊಂದು ಸಾಲು

ಕರು ಸಾಕುವುದು, ಹಟ್ಟಿಗೊಬ್ಬರ, ಗೇರಿಗೆ ಕಸಿ ಕಟ್ಟುವುದು - ಇಂಥವುಗಳ ಬಗ್ಗೆ ನಾವು ಕೃಷಿಕರು ಗಂಟೆಗಟ್ಟಲೆ ಮಾತಾಡುತ್ತೇವೆ. ಮಕ್ಕಳ ವಿಷಯ ಬಂದರೆ ಮಾತು ಮಾರ್ಕಿನ ಹತ್ತಿರವೇ ನಿಂತುಬಿಡುತ್ತದೆ. ದಿನಾ ಪೆಟ್ಟು ತಿಂದ ಮಗು, ಹೊಟ್ಟೆಗಿಲ್ಲದೆ ಬೆಳೆದ ಮಗು, ನಂಬಿದವರೇ ಮೈಮೇಲೆ ಕೈ ಹಾಕಿದ ಮಗು - ಇಂಥ ಸುದ್ದಿ ಬಂದಾಗ "ಪಾಪ" ಅಂತ ಹೇಳಿ ಅಡಿಕೆ ಧಾರಣೆಗೆ ಮಾತು ತಿರುಗಿಸುತ್ತೇವೆ.

ಇಂಥ ಮಕ್ಕಳಿಗೆ ನಮ್ಮಂಥ ಸಣ್ಣ ಹಿಡುವಳಿದಾರರಿಂದ ಆಗುವ ಸಹಾಯ ಒಂದಿದೆ. ದೊಡ್ಡ ದುಡ್ಡು ಬೇಡ. ಆದರೆ ಶಿಸ್ತು ಬೇಕು, ಕಾನೂನಿನ ತಿಳಿವಳಿಕೆ ಬೇಕು, ನಮ್ಮ ಕೆಲವು ಹಳೇ ಅಭ್ಯಾಸ ಬಿಡಬೇಕು. ಈ ಅಭಿಪ್ರಾಯಕ್ಕೆ ನಾನು ಹೇಗೆ ಬಂದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಒಪ್ಪದಿದ್ದವರು ಪತ್ರ ಬರೆಯಿರಿ.

"ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ"

ಮೊದಲು ಬರುವ ಮಾತೇ ಇದು. 2007ರಲ್ಲಿ ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಅಧ್ಯಯನ ಪ್ರಕಟಿಸಿತು. ಕೇರಳ, ಗೋವಾ, ಮಹಾರಾಷ್ಟ್ರ, ಆಂಧ್ರ ಸೇರಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಶೇ. 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಅಂದರು. ಹಿಂಸೆ ಕೊಟ್ಟವರಲ್ಲಿ ಅರ್ಧದಷ್ಟು ಜನ ಮಗುವಿನ ಪರಿಚಯದವರು, ಮಗು ನಂಬಿದವರು. ಹುಡುಗರೂ ಹುಡುಗಿಯರಷ್ಟೇ ಇದಕ್ಕೆ ಸಿಕ್ಕಿದ್ದರು.

ಸುತ್ತಲಿನ ರಾಜ್ಯಗಳಲ್ಲೆಲ್ಲ ಹೀಗಿದ್ದು ನಮ್ಮ ಊರು ಮಾತ್ರ ಬೇರೆ ಅನ್ನಲು ಏನು ಆಧಾರ? ನಮ್ಮಲ್ಲಿ ಮನೆಗೂ ಮನೆಗೂ ನಡುವೆ ತೋಟ, ಗುಡ್ಡ. ಕೂಗಿದರೂ ಕೇಳಿಸುವುದಿಲ್ಲ. ಅದೂ ಒಂದು ಕಾರಣವೇ.

ಪೆಟ್ಟು ತಿಂದ ದನ ಗೊತ್ತಲ್ಲ?

ಹಿಂಸೆ ಉಂಡ ಮಗುವಿನ ಸ್ವಭಾವ ಪೇಟೆಯವರಿಗಿಂತ ನಮಗೆ ಬೇಗ ಅರ್ಥವಾಗಬೇಕು. ಬಡಿದು ಸಾಕಿದ ದನವನ್ನು ಕೊಂಡು ತಂದವರಿಗೆ ಇದು ಗೊತ್ತಿದೆ. ನೀವು ಬೆನ್ನು ಕೆರೆಯಲೆಂದು ಕೈ ಎತ್ತಿದರೂ ಅದು ಬೆಚ್ಚಿ ಹಿಂದೆ ಸರಿಯುತ್ತದೆ. ಒದೆಯುತ್ತದೆ. ಹಾಲು ಇಳಿಸುವುದಿಲ್ಲ. ತಿಳಿದವರು ಯಾರೂ ಅದನ್ನು "ಕೊಬ್ಬು" ಅನ್ನುವುದಿಲ್ಲ. "ಹೆದರಿದೆ, ಸ್ವಲ್ಪ ದಿನ ಬಿಡಿ" ಅನ್ನುತ್ತಾರೆ. ಅದೇ ಹೊತ್ತಿಗೆ, ಅದೇ ಒಬ್ಬರು, ಅದೇ ಸ್ವರದಲ್ಲಿ ಮಾತಾಡಿಸುತ್ತಾ ಅಕ್ಕಚ್ಚು ಕೊಟ್ಟರೆ ತಿಂಗಳೊಳಗೆ ಕುತ್ತಿಗೆ ಚಾಚುತ್ತದೆ.

ಮಗುವಿನ ದೇಹವೂ ಹಾಗೆಯೇ. ಬಹುಕಾಲ ಭಯದಲ್ಲಿದ್ದ ಮಗುವಿನ ಮೈ ಯಾವಾಗಲೂ ಓಡಲಿಕ್ಕೋ ಹೊಡೆಯಲಿಕ್ಕೋ ತಯಾರಾಗಿರುತ್ತದೆ. ನಿದ್ದೆ ಬರುವುದಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ, ಸಣ್ಣದಕ್ಕೆ ಸಿಟ್ಟು. ಕೆಲವು ಮಕ್ಕಳು ಮಾತನ್ನೇ ನಿಲ್ಲಿಸುತ್ತವೆ. ಶಾಲೆಯಲ್ಲಿ ಇದಕ್ಕೆ "ಉದ್ಧಟತನ", "ದಡ್ಡತನ" ಅಂತ ಹೆಸರು. 1998ರಲ್ಲಿ ಅಮೆರಿಕದ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು ಸಾವಿರಾರು ವಯಸ್ಕರನ್ನು ವಿಚಾರಿಸಿ ತೋರಿಸಿದ್ದು ಇನ್ನೂ ಗಂಭೀರ. ಬಾಲ್ಯದಲ್ಲಿ ಇಂಥ ಕಷ್ಟಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕುಡಿತ, ಖಿನ್ನತೆ, ಹೃದಯದ ಕಾಯಿಲೆ ಕೂಡಾ ಹೆಚ್ಚು. ಬುಡಕ್ಕೆ ಆದ ಗಾಯ ಎಷ್ಟೋ ವರ್ಷದ ನಂತರ ಮೇಲೆ ಕಾಣುವುದು ತೆಂಗಿನಲ್ಲಿ ನಮಗೆ ಗೊತ್ತು. ಇದೂ ಅದೇ ಲೆಕ್ಕ.

ಹೊರಗಿನವರು ಮಾಡಿ ನೋಡಿದ್ದು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರೂಸ್ಟರ್ ಎಂಬಲ್ಲಿ 'ಗ್ರೀನ್ ಚಿಮ್ನೀಸ್' ಎಂಬ ಶಾಲೆ ಇದೆ. 1947ರಲ್ಲಿ ಸ್ಯಾಮ್ಯುಯೆಲ್ ರಾಸ್ ಎಂಬ ಯುವಕ, ತಂದೆ ಕೊಂಡುಕೊಟ್ಟ 75 ಎಕರೆ ಹೈನು ಫಾರ್ಮಿನಲ್ಲಿ ಶುರು ಮಾಡಿದ್ದು. ಮೊದಲು ಅದು ಸಾಮಾನ್ಯ ವಸತಿ ಶಾಲೆ. ದನಕರು, ಕುರಿ, ಕೋಳಿಗಳ ಜತೆ ಇರುವ ಮಕ್ಕಳಲ್ಲಿ ಆಗುವ ಬದಲಾವಣೆ ಕಂಡು, ಮುಂದೆ ಮನಸ್ಸಿಗೆ ಪೆಟ್ಟಾದ ಮಕ್ಕಳಿಗೇ ಅದನ್ನು ಮೀಸಲಿಟ್ಟರು. ರೆಕ್ಕೆ ಮುರಿದ ಹದ್ದು, ಗೂಬೆಗಳನ್ನೂ ಅಲ್ಲಿ ಆರೈಕೆ ಮಾಡುತ್ತಾರೆ. ಗುಣವಾದದ್ದನ್ನು ಮಕ್ಕಳ ಎದುರೇ ಹಾರಿಬಿಡುತ್ತಾರೆ. ಅಲ್ಲಿ ಪ್ರಾಣಿ ಮಾತ್ರ ಅಲ್ಲ, ಶಿಕ್ಷಕರು, ಮನೋವೈದ್ಯರು, ಫಾರ್ಮಿನ ಕೆಲಸಗಾರರು ಎಲ್ಲರೂ ಒಟ್ಟಿಗೆ ಇರುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಬೋರಿಸ್ ಲೆವಿನ್ಸನ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞರದ್ದು ಇನ್ನೊಂದು ಕತೆ. ಯಾರೊಡನೆಯೂ ಬೆರೆಯದ ಒಂದು ಮಗು ಅವರ ನಾಯಿ ಜಿಂಗಲ್ಸ್ ಜತೆ ಆಡತೊಡಗಿತು. ಆಮೇಲೆ ನಾಯಿಯ ಮೂಲಕ ಅವರ ಜತೆಗೂ. 1960ರ ದಶಕದ ಆರಂಭದಲ್ಲಿ ಅವರು ಇದನ್ನು ಬರೆದಾಗ ನಕ್ಕವರೇ ಹೆಚ್ಚು. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಲೈಂಗಿಕ ಹಿಂಸೆಗೆ ಒಳಗಾದ 153 ಮಕ್ಕಳಿದ್ದರು. ಎಲ್ಲರಿಗೂ ಆಪ್ತ ಸಮಾಲೋಚನೆ ಇತ್ತು. ನಾಯಿಗಳೂ ಇದ್ದ ಗುಂಪುಗಳ ಮಕ್ಕಳಲ್ಲಿ ಭಯ, ಸಿಟ್ಟು, ಖಿನ್ನತೆ ಹೆಚ್ಚು ಇಳಿದಿತ್ತು.

ನಾರ್ವೆಯಲ್ಲಿ ರೈತರ ಮನೆಗಳೇ ಇಂಥ ಸೇವೆ ಕೊಡುತ್ತವೆ. ಅದರ ಹೆಸರಿನ ಅರ್ಥ "ಅಂಗಳದೊಳಗೆ" ಅಂತ. ನೆದರ್‌ಲ್ಯಾಂಡ್ಸ್‌ನಲ್ಲಿ 1998ರಲ್ಲಿ 75ರಷ್ಟಿದ್ದ ಆರೈಕೆಯ ಫಾರ್ಮುಗಳು 2009ರ ಹೊತ್ತಿಗೆ ಸಾವಿರ ದಾಟಿದ್ದವು. ಅಲ್ಲಿ ರೈತನಿಗೆ ಇದಕ್ಕೆ ಹಣವೂ ಸಿಗುತ್ತದೆ. ಹಾಲಿನ ಆದಾಯ ಸಾಲದ ಎಷ್ಟೋ ಕುಟುಂಬ ಇದರಿಂದ ಉಳಿದುಕೊಂಡಿವೆ.

ಇದೆಲ್ಲ ಸರ್ವರೋಗಕ್ಕೆ ಮದ್ದು ಅಂತ ನಾನು ಹೇಳುವುದಿಲ್ಲ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣವು. ದನ, ಗಿಡ ಡಾಕ್ಟರರ ಬದಲಿಗೆ ಅಲ್ಲ. ಮುರಿದ ಎಲುಬಿಗೆ ಡಾಕ್ಟರು ಪಟ್ಟಿ ಕಟ್ಟಬೇಕು, ಆಮೇಲೆ ಮನೆಯಲ್ಲಿ ಗಂಜಿ ಬೇಕು. ನಮ್ಮ ಪಾಲಿನದ್ದು ಗಂಜಿಯ ಕೆಲಸ.

ನಮ್ಮ ಮನೆಯಲ್ಲಿ ಕಂಡದ್ದು

ನಮ್ಮದು ಎರಡೂವರೆ ಎಕರೆ ಅಡಿಕೆ, ನಡುವೆ ಬಾಳೆ, ಕಾಳುಮೆಣಸು. ಹಟ್ಟಿಯಲ್ಲಿ ಎರಡು ದನ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಸಂಬಂಧದ ಮಗುವೊಂದು ಎರಡು ಶಾಲಾವರ್ಷ ನಮ್ಮಲ್ಲಿತ್ತು. ಯಾರ ಮಗು, ಯಾವ ಊರು, ಹುಡುಗನೋ ಹುಡುಗಿಯೋ, ಏನಾಗಿತ್ತು - ಒಂದನ್ನೂ ಬರೆಯುವುದಿಲ್ಲ. ಕಾನೂನು ಬಿಡುವುದಿಲ್ಲ. ಕಾನೂನು ಬಿಟ್ಟರೂ ಅದು ಆ ಮಗುವಿನ ಸೊತ್ತು, ನನ್ನದಲ್ಲ.

ಮೊದಲ ತಿಂಗಳು ಮಗು ಚಾವಡಿಯ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ನನ್ನ ಮನೆಯವಳು "ಬಾ, ಹೋಗು, ಹೀಗೆ ಮಾಡು" ಅಂತ ಹೇಳಿದವಳಲ್ಲ. ಹಟ್ಟಿಗೆ ಹೋಗುವಾಗ "ನಾನು ಹಟ್ಟಿಗೆ ಹೋಗ್ತೇನೆ" ಅಂತ ಮಾತ್ರ ಹೇಳಿ ಹೋಗುತ್ತಿದ್ದಳು. ಒಂದು ದಿನ ಹಿಂದೆಯೇ ಬಂತು. ಆಗ ಹಟ್ಟಿಯಲ್ಲಿ ಹದಿನೈದು ದಿನದ ಗಂಡು ಕರು. ಅದು ಮಗುವಿನ ಅಂಗೈ ಚೀಪಿತು. ಆ ಕರುವಿಗೆ ಮಗುವಿನ ಹಿಂದಿನ ಕತೆ ಬೇಡ. ಮಾರ್ಕು ಬೇಡ. ಉಪ್ಪು ರುಚಿಯ ಅಂಗೈ ಸಾಕು.

ವಾರದೊಳಗೆ ಕರುವಿಗೆ ಹುಲ್ಲು ಹಾಕುವುದು ಮಗುವಿನ ಕೆಲಸ ಆಯಿತು. ನಾವು ಹೇಳಿದ್ದಲ್ಲ. ಕರುವಿನ ಹತ್ತಿರ ಪಿಸುಪಿಸು ಮಾತು ಶುರುವಾಯಿತು. ಅದಾಗಿ ಎಷ್ಟೋ ದಿನದ ನಂತರ ನಮ್ಮೊಡನೆ ಮಾತು.

ಆಮೇಲೆ ಬಂದದ್ದು ನಿಜವಾದ ಪರೀಕ್ಷೆ. ಗಂಡು ಕರುವನ್ನು ಸಣ್ಣ ಹಟ್ಟಿಯವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಓದುಗರಿಗೆ ಹೇಳಬೇಕಾಗಿಲ್ಲ. ಹಿಂಡಿಯ ಕ್ರಯ ಎಲ್ಲರಿಗೂ ಗೊತ್ತು. ಒಬ್ಬರು ಬಂದು ಕೇಳಿದರು. ಮಗು ಕಂಬ ಹಿಡಿದು ನಿಂತು ಕೇಳಿತು: "ಮಾವ, ಇದನ್ನು ಕೊಡ್ತೀರಾ?"

"ಇಲ್ಲ" ಅಂದೆ. ಕರು ಉಳಿಯಿತು, ದೊಡ್ಡದಾಯಿತು, ಒಂದು ರೂಪಾಯಿ ಆದಾಯ ತರಲಿಲ್ಲ. ಗೊಬ್ಬರ ಕೊಟ್ಟಿತು, ಅಷ್ಟೇ. ನೆರೆಯವರು ನಕ್ಕರು. ಆದರೆ ಆ ಮಗು ಅದುವರೆಗೆ ನೋಡಿದ್ದೆಲ್ಲ, ತಾನು ಹಚ್ಚಿಕೊಂಡದ್ದನ್ನು ದೊಡ್ಡವರು ಹೇಳದೆ ಕೇಳದೆ ಕಿತ್ತುಕೊಳ್ಳುವುದನ್ನೇ. ನಾನೂ ಅದನ್ನೇ ಮಾಡಿದ್ದರೆ ತೋಟ, ಹಟ್ಟಿ ಎಲ್ಲ ಇದ್ದೂ ಏನು ಪ್ರಯೋಜನ? ಹಾಗಾಗಿ ನನ್ನ ಮೊದಲ ಸಲಹೆ: ನೀವು ಮಾರಲಿರುವ ಪ್ರಾಣಿಯನ್ನು ನೊಂದ ಮಗುವಿನ ಕೈಗೆ ಕೊಡಬೇಡಿ. ಮಾರಲೇಬೇಕಾದೀತು ಅಂತಿದ್ದರೆ ಮೊದಲೇ ಹೇಳಿ.

ಕಲಿಯುವ ಕೆಲಸ ಬೇರೆ, ದುಡಿಸುವ ಕೆಲಸ ಬೇರೆ

ಇಲ್ಲೊಂದು ಕಟುಮಾತು ಹೇಳಲೇಬೇಕು. "ಮಕ್ಕಳಿಗೆ ತೋಟ ಒಳ್ಳೆಯದು" ಅನ್ನುವ ಮಾತನ್ನು ನಮ್ಮ ಹಿಂದಿನವರು ಬೇರೆ ರೀತಿಯಲ್ಲೂ ಬಳಸಿದ್ದಾರೆ. ತಬ್ಬಲಿ ಮಗುವನ್ನು "ಊಟ ಹಾಕಿ ಸಾಕ್ತೇವೆ" ಅಂತ ತಂದು, ಬೆಳಗ್ಗೆ ಐದಕ್ಕೆ ಎಬ್ಬಿಸಿ ಸೆಗಣಿ ಬಾಚಿಸಿ, ಶಾಲೆ ಬಿಡಿಸಿ ದುಡಿಸಿದ ಮನೆಗಳು ನಮ್ಮಲ್ಲಿ ಇದ್ದವು. ಹಟ್ಟಿ ಅದೇ, ಕರು ಅದೇ, ತೋಟ ಅದೇ. ಆ ಮಕ್ಕಳು ಗುಣವಾಗಲಿಲ್ಲ. ತೋಟ ತಾನಾಗಿ ಯಾರನ್ನೂ ಗುಣ ಮಾಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಕಾನೂನು ಸ್ಪಷ್ಟ ಇದೆ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯ ಇಲ್ಲದ ಮನೆಕೆಲಸಕ್ಕೆ ಸ್ವಂತ ಕುಟುಂಬಕ್ಕೆ ನೆರವಾಗಬಹುದು, ಅಷ್ಟೇ. ಕುಟುಂಬ ಅಂದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಅಪ್ಪ-ಅಮ್ಮನ ಒಡಹುಟ್ಟಿದವರು. ನೆರೆಮನೆಯ ಮಗು, ದೂರದ ಸಂಬಂಧದ ಮಗು ಇದರಲ್ಲಿ ಬರುವುದಿಲ್ಲ.

ವ್ಯತ್ಯಾಸ ತಿಳಿಯಲು ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಮಗು ಇವತ್ತು "ಬೇಡ" ಅಂದರೆ ನನ್ನ ಕೆಲಸ ನಿಲ್ಲುತ್ತದೆಯೇ? ನಿಲ್ಲುವುದಾದರೆ ಅದು ದುಡಿಮೆ. ಬೆಳೆದದ್ದು ಯಾರಿಗೆ? ಮಗುವಿನ ಸಾಲಿನ ತರಕಾರಿ ಮಗುವಿನದ್ದು - ತಿನ್ನಲಿ, ಕೊಡಲಿ, ಮಾರಿ ದುಡ್ಡು ಇಟ್ಟುಕೊಳ್ಳಲಿ. ಹಾಳಾದರೆ ಯಾರಿಗೆ ಬೈಗಳು? ಯಾರಿಗೂ ಇಲ್ಲ ಎಂಬ ಉತ್ತರ ಬಂದರೆ ಮಾತ್ರ ಮುಂದುವರಿಯಬಹುದು.

ಯಾವ ಬೆಳೆ, ಯಾವ ಪ್ರಾಣಿ?

ಮಗುವಿಗೆ ಅಡಿಕೆ ಸಸಿ ಕೊಟ್ಟು "ನೋಡಿಕೋ" ಅಂದರೆ ಫಸಲು ನೋಡುವಾಗ ಮೀಸೆ ಬಂದಿರುತ್ತದೆ. ನಾಳೆ ಏನಾಗುತ್ತದೋ ಅಂತ ನಂಬಿಕೆ ಇಲ್ಲದ ಮಗುವಿಗೆ ಬೇಗ ಉತ್ತರ ಕೊಡುವ ಬೆಳೆ ಬೇಕು. ಹರಿವೆ ಮೂರು-ನಾಲ್ಕು ದಿನದಲ್ಲಿ ಮೇಲೇಳುತ್ತದೆ, ತಿಂಗಳಲ್ಲಿ ಪಲ್ಯಕ್ಕೆ ಬರುತ್ತದೆ. ಅಲಸಂದೆ, ಬೆಂಡೆ ಸುಮಾರು ಒಂದೂವರೆ ತಿಂಗಳಲ್ಲಿ. ಬಸಳೆ ಬಹಳ ಒಳ್ಳೆಯದು. ಕತ್ತರಿಸಿದಷ್ಟೂ ಚಿಗುರುತ್ತದೆ. ಅದನ್ನು ನೋಡಿದ ಮಗುವಿಗೆ ನಾವು ಉಪದೇಶ ಮಾಡಬೇಕಾಗಿಲ್ಲ.

ಜಾಗ ಆರಡಿ ಉದ್ದದ ಒಂದೇ ಸಾಲು ಸಾಕು. ಬಾವಿಕಟ್ಟೆ ಹತ್ತಿರ, ಮನೆಯಿಂದ ಕಾಣುವ ಹಾಗೆ ಇರಲಿ. ಸುತ್ತ ಬೇಲಿ ಗಟ್ಟಿ ಮಾಡಿ. ಕೋಳಿ ಕೆದಕಿ ಹಾಳು ಮಾಡಿದರೆ ನಮಗದು ಮಾಮೂಲು, ಮಗುವಿಗೆ ಹಾಗಲ್ಲ. ಬೀಜ ಸ್ವಲ್ಪ ಹೆಚ್ಚೇ ಕೊಡಿ. ಒಂದು ಸಾಲು ಹೋದರೆ ಇನ್ನೊಂದು ಹಾಕಬಹುದು ಎಂಬುದೂ ಒಂದು ಪಾಠ.

ಪ್ರಾಣಿಗಳಲ್ಲಿ ಕರು, ಆಡು, ಕೋಳಿ ಒಳ್ಳೆಯದು. ಕಾವಿಗೆ ಕೂತ ಕೋಳಿ 21 ದಿನದಲ್ಲಿ ಮರಿ ಮಾಡುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುವುದನ್ನು ಮಗು ಕಲಿಯುತ್ತದೆ. ಎಲ್ಲ ಮೊಟ್ಟೆಯೂ ಮರಿಯಾಗುವುದಿಲ್ಲ ಅಂತ ಮೊದಲೇ ಹೇಳಿಡಿ. ಹಾಯುವ ದನ, ಕಟ್ಟಿಹಾಕಿದ ಸಿಟ್ಟಿನ ನಾಯಿ ಬೇಡವೇ ಬೇಡ. ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಆಗಿರಲೇಬೇಕು. ಕಚ್ಚಿದರೆ 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ. ಪ್ರಾಣಿಗೆ ಹೊಡೆಯುವ ಮಗುವನ್ನು ಒಂಟಿಯಾಗಿ ಪ್ರಾಣಿಯ ಹತ್ತಿರ ಬಿಡಬೇಡಿ. ಪೆಟ್ಟು ತಿಂದ ಕೆಲವು ಮಕ್ಕಳು ಹಾಗೆ ಮಾಡುವುದುಂಟು. ಬೈಯದೆ, ಜತೆಗೇ ನಿಂತು ಮೆಲ್ಲಗೆ ಮುಟ್ಟುವುದನ್ನು ತೋರಿಸಿ.

ಬೋರ್ಡೋ ದ್ರಾವಣ, ಕೀಟನಾಶಕ, ಕತ್ತಿ, ಪಂಪುಸೆಟ್ಟು, ಹೊಂಡ - ಇವುಗಳಿಂದ ದೂರ.

ದೊಡ್ಡವರ ಪಾಲು

ಬೆಳೆ, ಪ್ರಾಣಿ ಎರಡಕ್ಕಿಂತ ದೊಡ್ಡದು ಪಕ್ಕದಲ್ಲಿರುವ ಮನುಷ್ಯ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಕುಡಿತ, ಜಗಳದ ಮನೆಗಳಿಂದ ಬಂದ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಗಟ್ಟಿಯಾದ, ಇತರರ ಬಗ್ಗೆ ಕಾಳಜಿ ಇರುವ ಜನರಾಗಿ ಬೆಳೆದರು. ಅವರೆಲ್ಲರ ಬಾಳಿನಲ್ಲಿ ನಂಬಿಕೆಗೆ ಅರ್ಹರಾದ ಒಬ್ಬರಾದರೂ ದೊಡ್ಡವರಿದ್ದರು. ಅಜ್ಜಿಯೋ, ಟೀಚರೋ, ನೆರೆಯವರೋ. ಜತೆಗೆ, ತಮ್ಮಿಂದ ಇನ್ನೊಬ್ಬರಿಗೆ ನಿಜವಾಗಿ ಉಪಯೋಗ ಆಗುವ ಯಾವುದಾದರೂ ಒಂದು ಜವಾಬ್ದಾರಿ ಅವರಿಗೆ ಇತ್ತು. ಆ "ಒಬ್ಬರು" ಆಗಲು ಡಿಗ್ರಿ ಬೇಡ.

ಆದರೆ ಕೆಲವು ನಿಯಮ ಬೇಕು. ಕೆದಕಿ ಕೇಳಬೇಡಿ. ಕೇಳದೆ ಮುಟ್ಟಬೇಡಿ, ತಲೆ ಸವರುವುದಿದ್ದರೂ. "ಬುಧವಾರ ಗೊಬ್ಬರ ಹಾಕುವಾ" ಅಂದರೆ ಬುಧವಾರವೇ ಹಾಕಿ. ಉಳಿಸಿಕೊಳ್ಳಲಾಗದ ಮಾತು ಕೊಡಬೇಡಿ. ಎರಡು ತಿಂಗಳು ಪ್ರೀತಿ ತೋರಿಸಿ ಆಮೇಲೆ ಕಾಣೆಯಾಗುವುದಾದರೆ ಶುರುವೇ ಮಾಡಬೇಡಿ.

ಇನ್ನೊಂದು, ಎಲ್ಲದಕ್ಕಿಂತ ಮುಖ್ಯ. ಮಗು ಮತ್ತು ಒಬ್ಬರೇ ದೊಡ್ಡವರು ತೋಟದ ಮೂಲೆಯಲ್ಲಿ, ಕಣ್ಣಿಗೆ ಕಾಣದಲ್ಲಿ ಇರುವಂತೆ ಮಾಡಬೇಡಿ. "ನನ್ನ ಮೇಲೆ ಸಂಶಯವಾ?" ಅಂತ ಕೇಳುವವರಿದ್ದಾರೆ. ಸಂಶಯ ಅಲ್ಲ ಮಾರಾಯರೇ, ಬೇಲಿ. ಹಿಂಸೆ ಕೊಡುವವನು ಒಳ್ಳೆಯವನ ಹಾಗೆಯೇ ಬರುತ್ತಾನೆ. ಒಳ್ಳೆಯವರೆಲ್ಲ ಬಯಲಲ್ಲೇ ಕೆಲಸ ಮಾಡಿದರೆ ಅವನಿಗೆ ಮರೆ ಸಿಗುವುದಿಲ್ಲ.

ಮಗು ಬಾಯಿಬಿಟ್ಟರೆ

ಹುಲ್ಲು ಹಾಕುತ್ತಾ, ಕಳೆ ಕೀಳುತ್ತಾ ಮಕ್ಕಳು ಇದ್ದಕ್ಕಿದ್ದಂತೆ ಹೇಳಿಬಿಡುತ್ತವೆ. ಎದುರು ಕೂತು ಕೇಳಿದರೆ ಹೇಳದ್ದನ್ನು ಕೈಗೆ ಕೆಲಸ ಇದ್ದಾಗ ಹೇಳುತ್ತವೆ. ಆಗ ನಿಮ್ಮ ಕೆಲಸ ಕೇಳುವುದು, ನಂಬುವುದು, "ನಿನ್ನದೇನೂ ತಪ್ಪಿಲ್ಲ" ಅನ್ನುವುದು. "ಯಾರಿಗೂ ಹೇಳುವುದಿಲ್ಲ" ಅಂತ ಭಾಷೆ ಕೊಡಬೇಡಿ, ಯಾಕೆಂದರೆ ಹೇಳಲೇಬೇಕು. 2012ರ ಪೋಕ್ಸೋ ಕಾಯ್ದೆಯಂತೆ ಲೈಂಗಿಕ ಹಿಂಸೆ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಉಚಿತ. ಮನಸ್ಸಿನ ತೊಂದರೆಗೆ 2022ರಿಂದ ಟೆಲಿ ಮಾನಸ್ 14416 ಇದೆ. ಊರ ಹಿರಿಯರು ಕೂತು ಪಂಚಾಯಿತಿ ಮಾಡಿ ಮುಚ್ಚಿಹಾಕುವುದು ಮರ್ಯಾದೆ ಉಳಿಸುವುದಲ್ಲ, ಅಪರಾಧಿಯನ್ನು ಉಳಿಸುವುದು.

ಎಲ್ಲಿಂದ ಶುರು ಮಾಡುವುದು?

ಮಗುವನ್ನು ಮನೆಗೆ ತರುವುದು ಎಲ್ಲರಿಗೂ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ತರುವುದಿದ್ದರೆ ದಾರಿ ಒಂದೇ - ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ದತ್ತು ಅಲ್ಲದ 'ಪೋಷಕತ್ವ'ಕ್ಕೆ ಅವಕಾಶ ಇದೆ. ಮನೆ ನೋಡುತ್ತಾರೆ, ವಿಚಾರಿಸುತ್ತಾರೆ, ಆಮೇಲೆ ಆದೇಶ. ಗಡಿಬಿಡಿ ಇಲ್ಲದಿರುವುದೇ ಒಳ್ಳೆಯದು.

ಅದಕ್ಕಿಂತ ಸುಲಭದ್ದು ಇನ್ನೊಂದು. ಸರಕಾರಿ ಬಾಲಮಂದಿರಗಳಲ್ಲಿ ಇಂಥ ಮಕ್ಕಳಿದ್ದಾರೆ. ಸುತ್ತ ಖಾಲಿ ಜಾಗ ಇದ್ದಲ್ಲಿ ನಾವೇ ಹೋಗಬಹುದು. ನಾಲ್ಕೈದು ಕೃಷಿಕರು ಸೇರಿ, ಅಧೀಕ್ಷಕರ ಮತ್ತು ಸಮಿತಿಯ ಒಪ್ಪಿಗೆ ಪಡೆದು, ಅಲ್ಲಿನವರ ಎದುರಲ್ಲೇ, ಹದಿನೈದು ದಿನಕ್ಕೊಮ್ಮೆ ಅರ್ಧ ದಿನ ಕೊಟ್ಟರೆ ಮಗುವಿಗೊಂದು ಸಾಲು ಮಾಡಿಕೊಡಬಹುದು. ಎರಡು ಗೋಣಿ ಹಟ್ಟಿಗೊಬ್ಬರ, ಒಂದು ಹಿಡಿ ಹರಿವೆ ಬೀಜ, ನಾಲ್ಕು ಬಸಳೆ ಬಳ್ಳಿ. ಖರ್ಚು ಎಂದರೆ ಬಸ್ಸಿನದ್ದು. ಕಷ್ಟದ್ದು ಖರ್ಚಲ್ಲ, ತಪ್ಪದೆ ಹೋಗುವುದು. ಕೊಯ್ಲಿನ ಸಮಯದಲ್ಲೂ, ಮದ್ದು ಬಿಡುವ ಸಮಯದಲ್ಲೂ ಒಬ್ಬರಾದರೂ ಹೋಗುವಂತೆ ಸರದಿ ಹಾಕಿಕೊಳ್ಳಬೇಕು. ಒಂದು ವರ್ಷ ಹೋಗಲು ಆಗುವುದೇ ಅಂತ ಮೊದಲೇ ಕೂತು ಮಾತಾಡಿ. ಆಗುವುದಾದರೆ ಮಾತ್ರ ಬಾಗಿಲು ತಟ್ಟಿ.

ನಮ್ಮ ಓದುಗರಲ್ಲಿ ಈಗಾಗಲೇ ಇಂಥದ್ದನ್ನು ಸದ್ದಿಲ್ಲದೆ ಮಾಡುತ್ತಿರುವವರು ಇದ್ದಾರು. ಅವರು ಬರೆಯಲಿ. ಮಗುವಿನ ಹೆಸರು, ಊರು, ಫೋಟೊ ಬೇಡ. ಯಾವ ಬೆಳೆ ಹಿಡಿಸಿತು, ಯಾವ ಪ್ರಾಣಿ ಹತ್ತಿರ ಬಂತು, ಇಲಾಖೆಯ ಒಪ್ಪಿಗೆಗೆ ಎಷ್ಟು ಅಲೆದಾಟ ಆಯಿತು, ಎಲ್ಲಿ ಕೈಸೋತಿತು - ಇಷ್ಟು ತಿಳಿಸಿದರೆ ಉಳಿದವರಿಗೆ ದಾರಿಯಾಗುತ್ತದೆ.